ವೆಬ್‌ಸೈಟ್‌ನ ಲಾಗ್ (ಯಾವ ಪುಟ ಯಾವಾಗ ತೆರೆಯಿತು ಎಂಬ ದಾಖಲೆ) ಎಣಿಸುವ ಪೈಥಾನ್ ಸ್ಕ್ರಿಪ್ಟ್ ವಿಎಂನಲ್ಲಿ (ವರ್ಚುವಲ್ ಮೆಷಿನ್, ಅಂದರೆ ದೊಡ್ಡ ಸರ್ವರ್‌ನೊಳಗಿನ ಪುಟ್ಟ ಕಂಪ್ಯೂಟರ್) ಅರ್ಧಕ್ಕೇ ನಿಲ್ಲುತ್ತಿದೆ. ಗೋ ಭಾಷೆಯಲ್ಲಿ ಬರೆದರೆ ಸರಿಹೋಗುತ್ತಾ?

ಇಲ್ಲ. ದಯವಿಟ್ಟು ಅದಕ್ಕೆ ಕೈ ಹಾಕಬೇಡಿ.

ನನ್ನದೂ ಇದೇ ಕಥೆ. 1 ಜಿಬಿ ಮೆಮೊರಿಯ ವಿಎಂ, ಅದರಲ್ಲಿ ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್, ರಾತ್ರಿ ಕ್ರಾನ್‌ನಿಂದ (ಗೊತ್ತುಪಡಿಸಿದ ಹೊತ್ತಿಗೆ ತಾನಾಗಿ ಕೆಲಸ ಶುರು ಮಾಡುವ ವ್ಯವಸ್ಥೆ) ಓಡುವ ಪೈಥಾನ್ ಸ್ಕ್ರಿಪ್ಟ್. ಯಾವ ಪುಟವನ್ನು ಎಷ್ಟು ಸಲ ತೆರೆದಿದ್ದಾರೆ ಅಂತ ಎಣಿಸುವುದಷ್ಟೇ ಅದರ ಕೆಲಸ. ಒಂದು ದಿನ ವರದಿ ಬರುವುದೇ ನಿಂತಿತು. ಕೈಯಾರೆ ಓಡಿಸಿದರೆ 'ಕಿಲ್ಡ್' ಅಂತ ಒಂದೇ ಪದ. ಪೈಥಾನ್ ಭಾರ, ಗೋ ಹಗುರ ಅಂತ ಎಲ್ಲರೂ ಹೇಳುತ್ತಾರಲ್ವಾ? ಅದನ್ನು ನಂಬಿ ಎಲ್ಲವನ್ನೂ ಗೋನಲ್ಲಿ ಬರೆಯಲು ಕೂತೆ.

ತಪ್ಪಾಗಿದ್ದೇ ಇಲ್ಲಿ. ಮೊದಲು ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಬರೆಯುವ ಲಾಗ್ ನೋಡಬೇಕಿತ್ತು. 'ಔಟ್ ಆಫ್ ಮೆಮೊರಿ' ಅಂತ ಅಲ್ಲಿ ಸ್ಪಷ್ಟವಾಗಿ ಬರೆದಿತ್ತು. ಮೆಮೊರಿ ಪೂರ್ತಿ ತುಂಬಿ ಜಾಗ ಉಳಿಯದಿದ್ದಾಗ ಲಿನಕ್ಸ್ ಕರ್ನಲ್ಲೇ ಒಂದು ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಆರಿಸಿ ಕೊಲ್ಲುತ್ತದೆ, ಸಾಮಾನ್ಯವಾಗಿ ಎಲ್ಲಕ್ಕಿಂತ ಜಾಸ್ತಿ ಮೆಮೊರಿ ಹಿಡಿದದ್ದನ್ನು. ನನ್ನ ಸ್ಕ್ರಿಪ್ಟ್ ಪೈಥಾನ್‌ನ ರೀಡ್‌ಲೈನ್ಸ್ ಆದೇಶ ಬಳಸಿ ಇಡೀ ಫೈಲನ್ನು ಒಂದೇ ಸಲ ಮೆಮೊರಿಗೆ ಎಳೆದುಕೊಂಡು, ಪ್ರತಿ ಸಾಲನ್ನೂ ಒಂದೊಂದು ಸ್ಟ್ರಿಂಗ್ (ಅಕ್ಷರಗಳ ಸರಣಿ) ಮಾಡಿ ಇಡುತ್ತಿತ್ತು. ಪೈಥಾನ್ 3ರಲ್ಲಿ ಖಾಲಿ ಸ್ಟ್ರಿಂಗ್‌ಗೂ 40ಕ್ಕಿಂತ ಜಾಸ್ತಿ ಬೈಟ್ ಬೇಕು. ಲಕ್ಷಗಟ್ಟಲೆ ಸಾಲುಗಳಿದ್ದರೆ ಎಷ್ಟಾಗುತ್ತದೆ ನೋಡಿ. ಗೋನಲ್ಲೂ ನಾನು ಇಡೀ ಫೈಲನ್ನು ಒಟ್ಟಿಗೆ ಓದುವ ರೀಡ್‌ಆಲ್ ಹಾಕಿದ್ದೆ. ಅದೂ ಹಾಗೇ ಸತ್ತಿತು.

ಹೋದದ್ದು ಸಮಯ ಮಾತ್ರ ಆಗಿದ್ದರೆ ಇಷ್ಟು ಹೇಳುತ್ತಿರಲಿಲ್ಲ. ಡೆಬಿಯನ್‌ನಲ್ಲಿ (ಲಿನಕ್ಸ್‌ನ ಒಂದು ಬಗೆ) ಎಂಜಿನ್‌ಎಕ್ಸ್ ಜೊತೆ ಬರುವ, ಹಳೆಯ ಲಾಗ್ ಅಳಿಸುವ ಲಾಗ್‌ರೊಟೇಟ್‌ನ ಸೆಟ್ಟಿಂಗ್ ದಿನಕ್ಕೊಂದು ಲಾಗ್ ಮಾಡಿ, ಹಳೆಯದರಲ್ಲಿ 14 ಮಾತ್ರ ಇಟ್ಟುಕೊಳ್ಳುತ್ತದೆ. ನಾನು ಗೋ ಕಲಿಯುತ್ತಿದ್ದಾಗ, ಇನ್ನೂ ಎಣಿಸದ ಲಾಗ್‌ಗಳು ಒಂದೊಂದಾಗಿ ಅಳಿಸಿಹೋದವು. ಆ ಲೆಕ್ಕ ಇನ್ನೆಲ್ಲೂ ಸಿಗುವುದಿಲ್ಲ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಭೇಟಿಗಳನ್ನು ಎಣಿಸುವ ಗೂಗಲ್ ಅನಲಿಟಿಕ್ಸ್ ತೋರಿಸುವ ಸಂಖ್ಯೆ ಲಾಗ್‌ಗೆ ತಾಳೆಯಾಗುತ್ತಿಲ್ಲ ಅಂತಲೂ ಕೇಳಿದ್ದೀರಿ. ಅದು ತಾಳೆಯಾಗುವುದೇ ಇಲ್ಲ. ಲಾಗ್‌ನಲ್ಲಿ ಬಾಟ್‌ಗಳ (ತಾವಾಗಿ ಪುಟ ತೆರೆಯುವ ಪ್ರೋಗ್ರಾಂಗಳು) ಭೇಟಿಗಳೂ ಇರುತ್ತವೆ. ಅನಲಿಟಿಕ್ಸ್ ಬ್ರೌಸರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿದರೆ ಮಾತ್ರ ಎಣಿಸುತ್ತದೆ, ಆಡ್ ಬ್ಲಾಕರ್ ಹಾಕಿಕೊಂಡ ಎಷ್ಟೋ ಜನ ಅದರ ಲೆಕ್ಕಕ್ಕೇ ಬರುವುದಿಲ್ಲ. ಎರಡನ್ನೂ ಸರಿದೂಗಿಸಲು ಸುಮ್ನೆ ಒದ್ದಾಡಬೇಡಿ. ಒಂದನ್ನು ಹಿಡಿದು ಅದರ ಏರಿಳಿತ ನೋಡಿ.

ಈಗ ಲಾಗ್‌ಗಳನ್ನು ವಿಎಂನಿಂದ ಹೊರಗೆ ನಕಲು ಮಾಡಿ. ಬೇರೆ ಯಾವುದೇ ಕೆಲಸಕ್ಕಿಂತ ಮೊದಲು ಇದು. ಸ್ನ್ಯಾಪ್‌ಶಾಟ್ (ವಿಎಂನ ಆ ಕ್ಷಣದ ಸ್ಥಿತಿಯ ಪ್ರತಿ) ಇದೆ ಅಂತ ನೆಚ್ಚಿಕೊಳ್ಳಬೇಡಿ, ಅದು ಅದೇ ಡಿಸ್ಕಿನ ಮೇಲಿದ್ದರೆ ಡಿಸ್ಕ್ ಕೆಟ್ಟಾಗ ಅದೂ ಹೋಗುತ್ತದೆ. ಲಾಗ್‌ರೊಟೇಟ್‌ನಲ್ಲಿ 14 ಇರುವ ಕಡೆ ದೊಡ್ಡ ಸಂಖ್ಯೆ ಹಾಕಿ. ಆಮೇಲೆ ರೀಡ್‌ಲೈನ್ಸ್ ತೆಗೆದು, ಫೈಲ್ ಮೇಲೆ ನೇರವಾಗಿ ಫಾರ್ ಲೂಪ್ ಓಡಿಸಿ. ಒಂದೊಂದೇ ಸಾಲು ಬರುತ್ತದೆ, ಎಣಿಕೆ ಮಾತ್ರ ಮೆಮೊರಿಯಲ್ಲಿ ಉಳಿಯುತ್ತದೆ. ನನ್ನ ಹಳೆಯ ಪೈಥಾನ್ ಸ್ಕ್ರಿಪ್ಟ್ ಇಷ್ಟೇ ಬದಲಾವಣೆಯಿಂದ ಅದೇ 1 ಜಿಬಿ ವಿಎಂನಲ್ಲಿ ಓಡುತ್ತಿದೆ.