ಡ್ಯಾಡ್ಸ್ ಆರ್ಮಿಗೆ 60 ವರ್ಷ: ಅಭಿಮಾನಿಗಳ ಕೂಟ ಲಂಡನ್ನಿನಲ್ಲೋ, ಥೆಟ್‌ಫರ್ಡಿನಲ್ಲೋ?

2028ಕ್ಕೆ ಡ್ಯಾಡ್ಸ್ ಆರ್ಮಿ ಶುರುವಾಗಿ ಅರವತ್ತು ವರ್ಷ. ಎರಡನೇ ಮಹಾಯುದ್ಧದಲ್ಲಿ ಊರು ಕಾಯಲು ಹೊರಟ ಹೋಮ್ ಗಾರ್ಡ್ ಎಂಬ ಸ್ವಯಂಸೇವಕ ಪಡೆಯ ಮೇಲಿನ ಬಿಬಿಸಿ ಹಾಸ್ಯ ಧಾರಾವಾಹಿ ಅದು. ಲಂಡನ್ನಿನಲ್ಲಿ ಹಾಲ್ ಹಿಡಿದು, ನಟರನ್ನು ಕರೆಸಿ, ಇಡೀ ದಿನ ಎಪಿಸೋಡ್ ಹಾಕೋಣವಾ, ಇಲ್ಲ ಹೊರಾಂಗಣ ಚಿತ್ರೀಕರಣ ನಡೆದ ಊರಾದ ಥೆಟ್‌ಫರ್ಡ್‌ಗೇ ಹೋಗೋಣವಾ ಅಂತ ಕೇಳಿದ್ದೀರಿ. ಐವತ್ತು ತುಂಬಿದಾಗ, 2018ರಲ್ಲಿ, ನಾನೂ ಇದೇ ಪಟ್ಟಿ ಹಿಡಿದು ಓಡಾಡಿದವಳು. ಹಾಲ್, ನಟರು, ಪ್ರೊಜೆಕ್ಟರ್ ಎಲ್ಲ ಆಮೇಲೆ. ಮೊದಲು ಆಹ್ವಾನ ಬರೆಯಿರಿ. ಅದರಲ್ಲಿ ಬಂದೂಕಿನ ಬಗ್ಗೆ ಒಂದು ಸಾಲು ಇರಲಿ.

ಆಗ ನಾನು ನಾರ್ವಿಚ್‌ನಲ್ಲಿದ್ದೆ. ಪಕ್ಕದ ಮನೆಯ ಅಜ್ಜನ ಜೊತೆ ಶನಿವಾರ ಸಂಜೆ ಬಿಬಿಸಿ ಟೂನಲ್ಲಿ ಮರುಪ್ರಸಾರ ನೋಡಿ ನೋಡಿ ಹುಚ್ಚು ಹತ್ತಿತ್ತು. ಅಜ್ಜನ ಗೆಳೆಯರು, ನನ್ನ ಆಫೀಸಿನವರು, ಕೆಲವು ಕನ್ನಡದ ಮನೆಗಳು, ಹೀಗೆ ಒಂದು ಗುಂಪಾಯಿತು. ಬೆಳಗ್ಗೆ ಥೆಟ್‌ಫರ್ಡ್ ಸುತ್ತುವುದು, ಮಧ್ಯಾಹ್ನ ಊಟ, ಆಮೇಲೆ ಬಸ್ಸಿನಲ್ಲಿ ನಾರ್ಫಕ್ ಕರಾವಳಿಯ ವೇಬರ್ನ್ ರೈಲು ನಿಲ್ದಾಣ. ರಾಜನ ರೈಲಿನ ಎಪಿಸೋಡ್ ತೆಗೆದದ್ದು ಅಲ್ಲೇ ಅಲ್ವಾ, ಅದಕ್ಕೆ. ಬಸ್ಸಿಗೆ, ಟೀಗೆ ಪೂರ್ತಿ ಹಣ ಮುಂಗಡ ಕೊಟ್ಟಾಗಿತ್ತು.

ಆಹ್ವಾನದಲ್ಲಿ ನಾನು ಬರೆದದ್ದು ಇಷ್ಟೇ: "ಸಾಧ್ಯವಾದವರು ಯೂನಿಫಾರ್ಮ್‌ನಲ್ಲಿ ಬನ್ನಿ." ನನ್ನ ತಲೆಯಲ್ಲಿ ಯೂನಿಫಾರ್ಮ್ ಅಂದರೆ ಖಾಕಿ ಕೋಟು, ಟೋಪಿ, ಬೂಟು. ಆದರೆ ವರ್ಷಗಟ್ಟಲೆ ಹಳೆ ಗುಂಡಿ, ಹಳೆ ಬೆಲ್ಟು ಹುಡುಕಿ ಕೂಡಿಹಾಕಿದ ಅಭಿಮಾನಿಗೆ ಹೆಗಲ ಮೇಲೆ ಬಂದೂಕಿಲ್ಲದ ಸಿಪಾಯಿ ಅಂದರೆ ಕಿರೀಟ ಇಲ್ಲದ ಯಕ್ಷಗಾನದ ವೇಷ ಇದ್ದ ಹಾಗೆ. ಇದು ನನಗೆ ಹೊಳೆಯಲೇ ಇಲ್ಲ. ಬಟ್ಟೆ ಎಲ್ಲಿ ಬಾಡಿಗೆಗೆ ಸಿಗುತ್ತದೆ ಅಂತ ಉದ್ದಕ್ಕೆ ಬರೆದಿದ್ದೆ. ಏನು ತರಬಾರದು ಅಂತ ಒಂದು ಪದವೂ ಇರಲಿಲ್ಲ.

ಒಬ್ಬ ರಿಟೈರ್ ಆದ ಮನುಷ್ಯರು, ಬಹಳ ಒಳ್ಳೆಯವರು, ಲೀ ಎನ್‌ಫೀಲ್ಡ್ ರೈಫಲ್ಲಿನ ನಕಲು ತಂದಿದ್ದರು. ಮರದ ಹಿಡಿ, ಕಬ್ಬಿಣದ ನಳಿಕೆ, ಎಣ್ಣೆ ಹಚ್ಚಿ ಹೊಳೆಯುತ್ತಿತ್ತು. ರೈಲಿನಲ್ಲಿ ಕಂಬಳಿ ಸುತ್ತಿ ಇಟ್ಟುಕೊಂಡಿದ್ದರಂತೆ. ಥೆಟ್‌ಫರ್ಡಿನಲ್ಲಿ ಇಳಿದು ಕಂಬಳಿ ಬಿಚ್ಚಿ ಮಡಚಿ ಚೀಲಕ್ಕೆ ಹಾಕಿ, ರೈಫಲ್ ಹೆಗಲಿಗೇರಿಸಿ, ಠೀವಿಯಿಂದ ಊರೊಳಗೆ ನಡೆದುಬಂದರು. ದಾರಿಯಲ್ಲಿ ಯಾರೋ ಫೋನ್ ಮಾಡಿದ್ದಾರೆ. ಮಾಡಿದ್ದು ಸರಿಯೇ, ನಾನಾದರೂ ಮಾಡುತ್ತಿದ್ದೆ.

ನಾವೆಲ್ಲ ನದಿ ಪಕ್ಕ, ಧಾರಾವಾಹಿಯ ಪಡೆಯ ನಾಯಕ ಕ್ಯಾಪ್ಟನ್ ಮ್ಯಾನರಿಂಗ್ ಕಂಚಿನ ಪ್ರತಿಮೆ ಹತ್ತಿರ ಕಾಯುತ್ತಿದ್ದೆವು. ಆತ ಬೆಂಚಿನ ಒಂದು ತುದಿಗೆ ಕೂತಿದ್ದಾರೆ, ಪಕ್ಕದಲ್ಲಿ ನಾವು ಕೂತು ಫೋಟೋ ತೆಗೆಸಿಕೊಳ್ಳಲು ಜಾಗ ಇದೆ. ಅಲ್ಲಿಗೇ ಪೊಲೀಸರು ಬಂದರು. ನೆಲದ ಮೇಲೆ ಇಡಿ, ಹಿಂದೆ ಸರಿಯಿರಿ ಅಂದರು. ಪಾಪ, ಆ ಮನುಷ್ಯರ ಕೈ ನಡುಗುತ್ತಿತ್ತು. ಅಷ್ಟರಲ್ಲಿ ನಮ್ಮ ಗುಂಪಿನವನೇ ಒಬ್ಬ, ಸಹಾಯ ಮಾಡೋಣ ಅಂತ, ಧಾರಾವಾಹಿಯ ಕಾರ್ಪೊರಲ್ ಜೋನ್ಸ್ ಧಾಟಿಯಲ್ಲಿ "ಡೋಂಟ್ ಪ್ಯಾನಿಕ್! ಡೋಂಟ್ ಪ್ಯಾನಿಕ್!" ಅಂತ ಕೂಗುತ್ತಾ ಓಡಿಬಂದ. ಚಿಕ್ಕ ವಯಸ್ಸಿನ ಆ ಪೊಲೀಸ್ ಹುಡುಗಿ ಈ ಧಾರಾವಾಹಿ ನೋಡಿಯೇ ಇರಲಿಲ್ಲ. ನಮ್ಮ ಕಡೆ ಯಾರೂ ನಗಲಿಲ್ಲ.

ಯಾರನ್ನೂ ಒಳಗೆ ಹಾಕಲಿಲ್ಲ. ವಿಚಾರಣೆ ಮಾಡಿ, ಬರೆದುಕೊಂಡು, ಬುದ್ಧಿ ಹೇಳಿ ಬಿಟ್ಟರು. ಅಷ್ಟು ಹೊತ್ತಿಗೆ ಬಸ್ಸಿನವನ ಸಮಯ ಮುಗಿದು ಹೊರಟುಹೋಗಿದ್ದ. ಬಸ್ಸಿನ ದುಡ್ಡೂ ಹೋಯಿತು, ವೇಬರ್ನಿನ ಟೀ ದುಡ್ಡೂ ಹೋಯಿತು. ಆ ರಿಟೈರ್ಡ್ ಮನುಷ್ಯರು ಆಮೇಲೆ ನಮ್ಮ ಯಾವ ಕೂಟಕ್ಕೂ ಬರಲಿಲ್ಲ. ದುಡ್ಡಿಗಿಂತ ನನಗೆ ಅದೇ ಜಾಸ್ತಿ ನೋವು. ತಪ್ಪು ಅವರದಲ್ಲ. ಕರೆದದ್ದು ನಾನು.

ಕಾನೂನು ತೀರಾ ಸ್ಪಷ್ಟ. ಬ್ರಿಟನ್ನಿನ ಬಂದೂಕು ಕಾಯ್ದೆ 1968ರದ್ದು, ಧಾರಾವಾಹಿ ಹುಟ್ಟಿದ ವರ್ಷದ್ದೇ. 2003ರ ತಿದ್ದುಪಡಿ ಬಂದ ಮೇಲೆ ಸರಿಯಾದ ಕಾರಣ ಇಲ್ಲದೆ ನಕಲಿ ಬಂದೂಕು ಹಿಡಿದು ಸಾರ್ವಜನಿಕ ಜಾಗದಲ್ಲಿ ಓಡಾಡುವುದೂ ಅಪರಾಧ. "ನಾನು ಅಭಿಮಾನಿ" ಅನ್ನುವುದು ಸರಿಯಾದ ಕಾರಣವೋ ಅಲ್ಲವೋ ಅಂತ ಬೀದಿಯಲ್ಲಿ ನಿಂತು ವಾದ ಮಾಡುವ ಗ್ರಹಚಾರ ಯಾಕೆ? ಆಹ್ವಾನದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ: ಬಂದೂಕಿನಂತೆ ಕಾಣುವ ಯಾವುದೂ ಬೇಡ, ಆಟಿಕೆಯೂ ಬೇಡ, ಪೊರಕೆ ಕೋಲು ತನ್ನಿ. ಅದೇ ಸರಿಯಾದ ವೇಷ ಕೂಡ. 1940ರ ಮೇ 14ರಂದು ಯುದ್ಧ ಮಂತ್ರಿ ಆಂಥನಿ ಈಡನ್ ರೇಡಿಯೊದಲ್ಲಿ ಊರು ಕಾಯುವ ಈ ಪಡೆಗೆ ಸೇರಿ ಅಂತ ಕರೆ ಕೊಟ್ಟಾಗ ಓಡಿಬಂದು ಸೇರಿದವರಿಗೆ ಕೊಡಲು ಬಂದೂಕು ಎಲ್ಲಿತ್ತು? ಎಷ್ಟೋ ಜನ ಕೋಲು, ಅಡುಗೆಮನೆ ಚಾಕು ಹಿಡಿದೇ ಕವಾಯತು ಮಾಡಿದರು. ಪೊರಕೆ ಕೋಲೇ ಆದರೂ ವಾರ ಮೊದಲು ತುರ್ತಲ್ಲದ ವಿಷಯಕ್ಕೆ ಇರುವ ಪೊಲೀಸ್ ನಂಬರು 101ಕ್ಕೆ ಫೋನ್ ಮಾಡಿ, ಇಂಥ ದಿನ ಇಷ್ಟು ಜನ ಖಾಕಿಯಲ್ಲಿ ಬರುತ್ತೇವೆ ಅಂತ ಹೇಳಿಬಿಡಿ.

ಇನ್ನು ನಿಮ್ಮ ಪಟ್ಟಿ. ನಟರನ್ನು ಕರೆಸುವ ಆಸೆ ಬಿಟ್ಟುಬಿಡಿ. ವಾಕರ್ ಪಾತ್ರದ ಜೇಮ್ಸ್ ಬೆಕ್ 1973ರಲ್ಲೇ, ಬರೀ 44ನೇ ವಯಸ್ಸಿಗೆ, ತೀರಿಕೊಂಡರು. ಪ್ಲಟೂನಿನ ಮುಖ್ಯ ಏಳು ಜನರಲ್ಲಿ ಉಳಿದಿದ್ದವರು ಪೈಕ್ ಪಾತ್ರದ ಇಯಾನ್ ಲ್ಯಾವೆಂಡರ್ ಒಬ್ಬರೇ, ಅವರೂ 2024ರ ಫೆಬ್ರವರಿಯಲ್ಲಿ ಹೋದರು. ಒಂದು ಎಪಿಸೋಡಿನಲ್ಲಿ ಎರಡು ಮಾತಾಡಿದವರನ್ನು ಹುಡುಕಿ ತಂದು ವೇದಿಕೆ ಹತ್ತಿಸುವುದು ಅವರಿಗೂ ಮುಜುಗರ, ನಿಮಗೂ ಮುಜುಗರ.

ಎಪಿಸೋಡ್ ಹಾಕುವುದೂ ಬೇಡ. ಮನೆಯಲ್ಲಿ ಡಿವಿಡಿ ಇದೆ ಅಂತ ಹಾಲಿನಲ್ಲಿ ಹಾಕುವ ಹಾಗಿಲ್ಲ, ಹಕ್ಕುದಾರರ ಅನುಮತಿ ಬೇಕು. ಸಿಕ್ಕಿದರೂ ಯಾಕೆ? 80 ಎಪಿಸೋಡನ್ನೂ ಬಾಯಿಪಾಠ ಮಾಡಿದವರೇ ಬರುವುದು. ಮುಂದಿನ ಮಾತನ್ನು ನಟನಿಗಿಂತ ಮೊದಲು ಪಕ್ಕದವನೇ ಹೇಳಿಬಿಡುತ್ತಾನೆ. ಅದರ ಬದಲು ಬಿಬಿಸಿ ಟೇಪ್ ಅಳಿಸಿಬಿಟ್ಟ ಎಪಿಸೋಡುಗಳ ಮಾತು ತೆಗೆಯಿರಿ. ಎರಡನೇ ಸರಣಿಯ ಐದು ಕಳೆದುಹೋಗಿದ್ದವು, 2001ರಲ್ಲಿ ಎರಡು ಸಿಕ್ಕವು, ಮೂರು ಇನ್ನೂ ಪತ್ತೆ ಇಲ್ಲ. ಈ ಮೂರರ ಮೇಲೆ ನಮ್ಮ ಅಜ್ಜಂದಿರು ಊಟ ತಣ್ಣಗಾಗುವ ತನಕ ಜಗಳ ಆಡಿದರು.

ಹಾಗಾಗಿ ಲಂಡನ್ ಬೇಡ. ಹೊರಾಂಗಣ ಚಿತ್ರೀಕರಣದ ಬಹುಪಾಲು ನಡೆದದ್ದು ಥೆಟ್‌ಫರ್ಡ್ ಸುತ್ತಮುತ್ತ. ಟೌನ್ ಹಾಲ್ ಆಗಿ ಕಂಡ ಗಿಲ್ಡ್‌ಹಾಲ್ ಇದೆ, ಜೋನ್ಸ್‌ನ ಮಾಂಸದಂಗಡಿ ವ್ಯಾನ್ ಇದೆ. ಆ ಹಳೇ ಫೋರ್ಡ್ ಗಾಡಿಯನ್ನು 2012ರ ಹರಾಜಿನಲ್ಲಿ ಅಲ್ಲಿನ ಡ್ಯಾಡ್ಸ್ ಆರ್ಮಿ ಮ್ಯೂಸಿಯಂನವರೇ ಬಿಡಿಸಿಕೊಂಡರು. ಕನ್ನಡದವರು ಜೊತೆಗಿದ್ದರೆ ಮ್ಯಾನರಿಂಗ್ ಬೆಂಚಿನಿಂದ ಸ್ವಲ್ಪ ಮುಂದೆ ನಡೆಸಿ. ನದಿ ನಡುವಿನ ಪುಟ್ಟ ದ್ವೀಪದಲ್ಲಿ ಪಂಜಾಬಿನ ಕೊನೆಯ ಮಹಾರಾಜ ದುಲೀಪ್ ಸಿಂಗ್ ಕುದುರೆ ಮೇಲೆ ಕೂತಿದ್ದಾರೆ. ರಾಜ್ಯ ಕಸಿದುಕೊಂಡ ಮೇಲೆ ಅವರು ಬದುಕಿದ್ದು ಹತ್ತಿರದ ಎಲ್ವೆಡೆನ್‌ನಲ್ಲಿ, ಮಣ್ಣಾದದ್ದೂ ಅಲ್ಲೇ. ಜೋನ್ಸ್ ಹಳೇ ವಸಾಹತು ಯುದ್ಧಗಳ ಕಥೆ ಬಿಡುವಾಗ ನಾವೂ ನಗುತ್ತೇವಲ್ಲ, ಆ ನಗುವಿನ ಬಗ್ಗೆ ನಮ್ಮಲ್ಲಿ ಒಳ್ಳೆ ಮಾತುಕತೆ ನಡೆದದ್ದು ಇದೇ ಜಾಗದಲ್ಲಿ.

ಊಟಕ್ಕೆ ವೂಲ್ಟನ್ ಪೈ ಮಾಡಿಸಿ. ಯುದ್ಧಕಾಲದ ಆಹಾರ ಮಂತ್ರಿ ಲಾರ್ಡ್ ವೂಲ್ಟನ್ ಹೆಸರಿನದ್ದು. ಆಲೂಗಡ್ಡೆ, ಕ್ಯಾರೆಟ್, ಹೂಕೋಸು, ಓಟ್ಸ್, ಇಂಥವೇ. ಸಸ್ಯಾಹಾರಿಗಳಿಗೆ ತೊಂದರೆ ಇಲ್ಲ. ಉಪ್ಪು ಖಾರ ಎರಡೂ ಇರುವುದಿಲ್ಲ, ನಮ್ಮಲ್ಲೊಬ್ಬರು ಮಾವಿನ ಮಿಡಿ ಉಪ್ಪಿನಕಾಯಿ ಬಾಟಲಿ ತೆಗೆದ ಮೇಲೆ ಆ ಟೇಬಲ್ಲಿಗೆ ಇಂಗ್ಲಿಷ್ ಅಜ್ಜಂದಿರೂ ಬಂದು ಕೂತರು.

ಖರ್ಚು ಎಷ್ಟು ಅಂತಲೂ ಕೇಳಿದ್ದೀರಿ. ಒಂದೇ ಊರಿಗೆ ಇಟ್ಟುಕೊಂಡರೆ ಬಸ್ಸೇ ಬೇಡ. ಕೇಂಬ್ರಿಡ್ಜ್‌ನಿಂದ ನಾರ್ವಿಚ್‌ಗೆ ಹೋಗುವ ರೈಲು ಥೆಟ್‌ಫರ್ಡಿನಲ್ಲಿ ನಿಲ್ಲುತ್ತದೆ, ಇಳಿದರೆ ಊರೆಲ್ಲ ಕಾಲ್ನಡಿಗೆ. ಮೊದಲ ಎಪಿಸೋಡ್ ಬಂದ ಜುಲೈ 31ಕ್ಕೇ ಮಾಡಬೇಕು ಅಂತ ಹಟ ಬೇಡ, 2028ರಲ್ಲಿ ಅದು ಸೋಮವಾರ. 29ರ ಶನಿವಾರ ಇಟ್ಟುಕೊಳ್ಳಿ. ಮ್ಯೂಸಿಯಂ ನಡೆಸುವವರು ಸ್ವಯಂಸೇವಕರು, ದಿನಾ ಬಾಗಿಲು ತೆಗೆದಿರುವುದಿಲ್ಲ. ಅವರನ್ನು ಕೇಳಿ ದಿನ ಗಟ್ಟಿ ಮಾಡಿಕೊಂಡ ಮೇಲೆಯೇ ಊಟದ ಹಾಲ್‌ಗೆ ಮುಂಗಡ ಕೊಡಿ.