ಬಸ್ಸಿನಲ್ಲಿ ಅಳು ಬಂದರೆ ಅಭಿರುಚಿ ಕೆಟ್ಟಿತೇ?

ಓದುಗರ ಪತ್ರ (ಸಂಕ್ಷಿಪ್ತವಾಗಿ):

"ನನಗೆ 51 ವರ್ಷ. ಮಂಡ್ಯದ ಹತ್ತಿರ ಹಳ್ಳಿ. ಚಿಕ್ಕವಳಿದ್ದಾಗ ಅಪ್ಪನ ತಂಬೂರಿ ಪದ ಕೇಳಿಕೊಂಡು ಬೆಳೆದೆ. ಹೈಸ್ಕೂಲಿಗೆ ಬಂದ ಮೇಲೆ ಅದೇ ಪದ ನಾಚಿಕೆ ಅನ್ನಿಸಿತು, ಆಗ ಬರೀ ಸಿನಿಮಾ ಹಾಡು. ಮೈಸೂರಿನಲ್ಲಿ ಕಾಲೇಜು ಓದುವಾಗ ಭಾವಗೀತೆ. ಈಗ ಹಲವು ವರ್ಷಗಳಿಂದ ಕರ್ನಾಟಕ ಸಂಗೀತ ಬಿಟ್ಟು ಬೇರೇನೂ ಕೇಳುವುದಿಲ್ಲ. ಮೊನ್ನೆ ಮೈಸೂರಿಗೆ ಬರುವ ಬಸ್ಸಿನಲ್ಲಿ 'ಪ್ರೇಮಲೋಕ'ದ ಹಾಡು ಹಾಕಿದರು. ಕಣ್ಣಲ್ಲಿ ನೀರು ತುಂಬಿಕೊಂಡಿತು. ಇಷ್ಟು ಕಛೇರಿ ಕೇಳಿಯೂ ನನ್ನ ಅಭಿರುಚಿ ಬೆಳೆದೇ ಇಲ್ಲವೇ? ಹೊಸ ಹಾಡು ಯಾವುದೂ ಯಾಕೆ ಹಿಡಿಸುವುದಿಲ್ಲ? ನನ್ನ 16 ವರ್ಷದ ಮಗಳು ಹೊತ್ತುಗೊತ್ತಿಲ್ಲದೆ ಕೊರಿಯಾದ ಹಾಡು ಕೇಳುತ್ತಾಳೆ. ಅವಳನ್ನು ಸಂಗೀತದ ಕ್ಲಾಸಿಗೆ ಸೇರಿಸಲೇ? ಕೊನೆಯದಾಗಿ, ಟ್ರಂಕ್ ತುಂಬ ಹಳೇ ಕ್ಯಾಸೆಟ್ ಇವೆ. ಕೆಲವದರಲ್ಲಿ ಅಪ್ಪ ಹಾಡಿದ್ದೂ ಇದೆ. ಏನು ಮಾಡಲಿ?"

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪತ್ರ ನಮ್ಮ ಆಫೀಸಿನಲ್ಲಿ ಎಲ್ಲರ ಕೈ ದಾಟಿ ನನ್ನ ಮೇಜಿಗೆ ಬಂತು. ಪ್ರೂಫ್ ನೋಡುವವರು, "ಇದಕ್ಕೇನು ಉತ್ತರ ಸಾರ್, ವಯಸ್ಸಾಯ್ತು ಅಂತ ಬರೆದುಬಿಡಿ" ಅಂದರು. ಅವರಿಗೂ ನಿಮ್ಮದೇ ವಯಸ್ಸು. ಹಾಡು ಗುನುಗಿಕೊಂಡೇ ಹೋದರು.

ಮೊದಲು ಅಳುವಿನ ವಿಷಯ. 'ಪ್ರೇಮಲೋಕ' ಬಂದದ್ದು 1987ರಲ್ಲಿ. ನಿಮಗೆ ಆಗ ಹದಿಮೂರರ ಆಸುಪಾಸು. ಅರ್ಧ ಉತ್ತರ ಅಲ್ಲೇ ಇದೆ. 2018ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಒಂದು ಲೇಖನ ಬಂದಿತ್ತು. ದೊಡ್ಡವರಾದ ಮೇಲೂ ಜನ ಯಾವ ವರ್ಷದ ಹಾಡಿಗೆ ಜಾಸ್ತಿ ಅಂಟಿಕೊಂಡಿರುತ್ತಾರೆ ಅಂತ ಹಾಡು ಕೇಳುವ ಆ್ಯಪ್ ಸ್ಪಾಟಿಫೈನ ಲೆಕ್ಕ ಹಿಡಿದು ನೋಡಿದ್ದರು. ಹೆಂಗಸರು ತಮಗೆ 11ರಿಂದ 14 ಇದ್ದಾಗ ಬಂದ ಹಾಡಿಗೆ, ಗಂಡಸರು 13ರಿಂದ 16ರ ನಡುವೆ ಬಂದ ಹಾಡಿಗೆ. ಅದಕ್ಕೂ ಬಹಳ ಮುಂಚೆ, 1989ರಲ್ಲಿ, ಹಾಲ್‌ಬ್ರೂಕ್ ಮತ್ತು ಶಿಂಡ್ಲರ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು ಬೇರೆ ಬೇರೆ ವಯಸ್ಸಿನವರಿಗೆ ಬೇರೆ ಬೇರೆ ಕಾಲದ ಹಾಡಿನ ತುಣುಕು ಕೇಳಿಸಿ ಅಂಕ ಕೊಡಿಸಿದ್ದರು. ಅವರ ಲೆಕ್ಕಕ್ಕೆ ಆ ವಯಸ್ಸು 24ರ ಹತ್ತಿರ. ಅಂಕಿಯ ಬಗ್ಗೆ ಜಗಳ ಇದೆ, ಇರಲಿ. ಮೀಸೆ ಮೂಡುವ ಹೊತ್ತಿನಿಂದ ಮದುವೆ ಮಾತು ಶುರುವಾಗುವ ಹೊತ್ತಿನ ತನಕ ಕೇಳಿದ್ದು ಗಟ್ಟಿಯಾಗಿ ಕೂರುತ್ತದೆ ಅನ್ನುವುದರಲ್ಲಿ ಹೆಚ್ಚು ತಕರಾರಿಲ್ಲ.

ಇನ್ನರ್ಧ, ಆ ಹಾಡು ನಿಮಗೆ ಸಿಕ್ಕಿದ ರೀತಿಯಲ್ಲಿದೆ. ಆಗ ಬೇಕಾದ ಹಾಡು ಬೇಕೆಂದಾಗ ಸಿಗುತ್ತಿರಲಿಲ್ಲ. ಪೇಟೆಯ ಕ್ಯಾಸೆಟ್ ಅಂಗಡಿಗೆ ಖಾಲಿ ಕ್ಯಾಸೆಟ್ ಒಯ್ದು, ಹಾಡುಗಳ ಪಟ್ಟಿ ಬರೆದ ಚೀಟಿ ಕೊಟ್ಟು ಬರಬೇಕು. ಅಂಗಡಿಯವರು "ನಾಳಿದ್ದು ಬನ್ನಿ" ಅನ್ನುತ್ತಾರೆ. 60 ನಿಮಿಷದ ಕ್ಯಾಸೆಟ್ ಅಂದರೆ ಒಂದು ಕಡೆಗೆ ಅರ್ಧ ಗಂಟೆ. ಹಾಗಾಗಿ 'ಎ' ಸೈಡಿನ ಕೊನೆಯ ಹಾಡು ಎರಡನೇ ಚರಣದ ನಡುವೆ ಕಟ್! ಆ ಕ್ಯಾಸೆಟ್ಟನ್ನು ಟೇಪು ಸುಕ್ಕಾಗುವ ತನಕ ಕೇಳಿದವರಿಗೆ ಇವತ್ತಿಗೂ ಅದೇ ಹಾಡು ಪೂರ್ತಿಯಾಗಿ ಕೇಳಿಸಿದರೆ ಆ ಜಾಗದಲ್ಲಿ ಕಿವಿ ಒಂದು ಕ್ಷಣ ನಿಲ್ಲುತ್ತದೆ. ಮೊದಲ ಹಾಡು ಮುಗಿಯುವ ಮುಂಚೆಯೇ ಎರಡನೆಯದರ ಮ್ಯೂಸಿಕ್ ತಲೆಯಲ್ಲಿ ಶುರುವಾಗಿರುತ್ತದೆ.

ಹೀಗೆ ಮುಂದೆ ಏನು ಬರುತ್ತದೆ ಅಂತ ಗೊತ್ತಿರುವುದೇ ದೊಡ್ಡ ಸುಖ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು 2011ರಲ್ಲಿ, ಇಷ್ಟದ ಸಂಗೀತ ಕೇಳಿದರೆ ಮೈ ಜುಮ್ಮೆನ್ನುವ ಜನರನ್ನು ಕರೆದು ಮೆದುಳಿನ ಸ್ಕ್ಯಾನ್ ಮಾಡಿದರು. ಮೈ ಜುಮ್ಮೆಂದಾಗ ಡೋಪಮಿನ್ ಎಂಬ ರಾಸಾಯನಿಕ ಬಿಡುಗಡೆಯಾಯಿತು. ಅದಕ್ಕೂ ಸ್ವಲ್ಪ ಮುಂಚೆ, "ಇನ್ನೇನು ಬಂತು" ಅಂತ ಕಾಯುವಾಗಲೇ ಮೆದುಳಿನ ಇನ್ನೊಂದು ಭಾಗದಲ್ಲಿ ಅದು ಶುರುವಾಗಿತ್ತು. ಬಸ್ಸಿನಲ್ಲಿ ನಿಮಗೂ ಹೀಗೇ ಆಗಿರಬೇಕು. ಜೊತೆಗೆ ಆ ಹಾಡು ಕೇಳುತ್ತಿದ್ದ ಮನೆ, ಗೆಳತಿಯರು, ಆ ವಯಸ್ಸು ಎಲ್ಲ ಒಟ್ಟಿಗೆ ಬಂದಿರುತ್ತದೆ. ಅಳು ಬರದಿದ್ದರೇ ಆಶ್ಚರ್ಯ.

ಪತ್ರದಲ್ಲಿ ನನ್ನನ್ನು ಜಾಸ್ತಿ ತಡೆದು ನಿಲ್ಲಿಸಿದ್ದು ಬೇರೆ ಸಾಲು. ಅಪ್ಪನ ಪದ "ನಾಚಿಕೆ ಅನ್ನಿಸಿತು" ಅಂತ ಬರೆದಿದ್ದೀರಲ್ಲ, ಅದು. ನಮ್ಮ ಅಭಿರುಚಿ ಬದಲಾಗುವ ಕಥೆಯಲ್ಲಿ ಯಾರೂ ಈ ನಾಚಿಕೆಯ ಹೆಸರೆತ್ತುವುದಿಲ್ಲ. ಹಳ್ಳಿಯಿಂದ ಪೇಟೆ ಹೈಸ್ಕೂಲಿಗೆ ಬಂದ ಹುಡುಗಿ ತಂಬೂರಿ ಪದ ಇಷ್ಟ ಅಂತ ಹೇಳುವ ಹಾಗಿತ್ತೇ? ಆ ವಯಸ್ಸಿನಲ್ಲಿ ಹಾಡು ಬರೀ ಕೇಳುವುದಕ್ಕೆ ಇರುವುದಿಲ್ಲ. ನಾನು ಯಾರ ಗುಂಪು ಅಂತ ತೋರಿಸುವುದಕ್ಕೂ ಬೇಕು. ಹದಿಹರೆಯಕ್ಕೆ ಬರುವ ಹೊತ್ತಿಗೆ ಮಕ್ಕಳ ಕಿವಿ ಬಿಗಿಯಾಗುತ್ತದೆ ಅಂತ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಡೇವಿಡ್ ಹಾರ್ಗ್ರೀವ್ಸ್ 1980ರ ದಶಕದಿಂದಲೇ ಹೇಳುತ್ತಾ ಬಂದರು. ಪುಟ್ಟ ಮಕ್ಕಳು ಯಾವ ಸಂಗೀತವನ್ನಾದರೂ ಕೇಳುತ್ತಾರೆ, ಹರೆಯದವರು ಗೆಳೆಯರು ಒಪ್ಪಿದ್ದನ್ನು ಮಾತ್ರ.

ಅದೇ ಪದವನ್ನು ಈಗ ನೋಡಿ. ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರು, ಮಾದಪ್ಪನ ಕಂಸಾಳೆಯವರು ದಸರಾ ಮೆರವಣಿಗೆಯಲ್ಲಿ ಬರುತ್ತಾರೆ, ವಿಶ್ವವಿದ್ಯಾಲಯಗಳಲ್ಲಿ ಅವರ ಹಾಡಿನ ಮೇಲೆ ಪಿಎಚ್‌ಡಿ ಆಗುತ್ತದೆ. ಅಂದು ಮುಖ ತಿರುಗಿಸಿದವರೇ ಈಗ ಮೊಬೈಲ್ ಎತ್ತಿ ವಿಡಿಯೊ ಮಾಡುತ್ತಾರೆ. ಹಾಡು ಅದೇ ಇದೆ. ನಾಚಿಕೆ ಹೋಗಿದೆ ಅಷ್ಟೇ. ನಿಮ್ಮ ತಂದೆಯವರ ಪದ ನಿಮ್ಮಿಂದ ಎಲ್ಲಿಗೂ ಹೋಗಿರಲಾರದು. ಕೂಸಿನ ಕಿವಿಗೆ ಬಿದ್ದ ಲಯ ಎಷ್ಟು ಆಳಕ್ಕೆ ಇಳಿಯುತ್ತದೆ ಅನ್ನುವುದಕ್ಕೆ 2005ರ ಒಂದು ಪ್ರಯೋಗ ಇದೆ. ಏಳರ ಎಣಿಕೆಯಂಥ ಬಾಲ್ಕನ್ ನಾಡುಗಳ ತಾಳವನ್ನು ಉತ್ತರ ಅಮೆರಿಕದ ಆರು ತಿಂಗಳ ಕೂಸುಗಳಿಗೆ ಕೇಳಿಸಿದರು. ತಾಳ ತಪ್ಪಿದ್ದು ಅವಕ್ಕೆ ಗೊತ್ತಾಗುತ್ತಿತ್ತು. ಒಂದು ವರ್ಷ ತುಂಬುವ ಹೊತ್ತಿಗೆ ಆ ಸೂಕ್ಷ್ಮ ಹೋಗಿತ್ತು, ಯಾಕೆಂದರೆ ಅವರ ಮನೆಯಲ್ಲಿ ಅಂಥ ತಾಳ ಇರಲಿಲ್ಲ. ನಮ್ಮಲ್ಲಿ ಅದೇ ಏಳರ ಎಣಿಕೆಯ ಮಿಶ್ರಛಾಪು ತಾಳಕ್ಕೆ ಕೈತಟ್ಟುವ ಅಜ್ಜಿಯರು ಇದನ್ನು ಯಾವ ಕ್ಲಾಸಿನಲ್ಲೂ ಕಲಿತವರಲ್ಲ.

ಇನ್ನು "ಬೆಳೆದೇ ಇಲ್ಲವೇ" ಅನ್ನುವ ಪ್ರಶ್ನೆ. ಇದನ್ನು ನಾನು ಒಪ್ಪುವುದಿಲ್ಲ. ತಂಬೂರಿ ಪದ ಕೆಳಗಿನ ಮೆಟ್ಟಿಲು, ಸಿನಿಮಾ ಹಾಡು ಅದರ ಮೇಲಿನದು, ಭಾವಗೀತೆ ಇನ್ನೂ ಮೇಲಿನದು, ಕಛೇರಿ ಅಂದರೆ ಮಹಡಿ ಅಂತ ನೀವು ಲೆಕ್ಕ ಹಾಕಿದ ಹಾಗಿದೆ. ಮೈಸೂರಿನಲ್ಲಿ ಇಂಥ ಲೆಕ್ಕ ಹಾಕುವವರು ಬಹಳ. ಅವರಿಗೆ ನಾನು ಯಾವಾಗಲೂ ಜಯಚಾಮರಾಜ ಒಡೆಯರ್ ಅವರ ಹೆಸರು ಹೇಳುತ್ತೇನೆ.

ಒಡೆಯರ್ ಹುಟ್ಟಿದ್ದು 1919ರಲ್ಲಿ. ಹುಡುಗನಾಗಿದ್ದಾಗಿನಿಂದ ಪಿಯಾನೊ ಹುಚ್ಚು. ಲಂಡನ್ನಿನ ಸಂಗೀತ ಕಾಲೇಜುಗಳ ಪದವಿ ಪಡೆದಿದ್ದರು. ಪಿಯಾನೊ ವಾದಕರೇ ಆಗಬೇಕು ಅನ್ನುವ ಆಸೆಯೂ ಇತ್ತು. 1940ರಲ್ಲಿ ಮೊದಲು ತಂದೆ, ಕೆಲವೇ ತಿಂಗಳಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ತೀರಿಕೊಂಡರು. 21ಕ್ಕೆ ಪಟ್ಟ ಏರಬೇಕಾಯಿತು. ಆಮೇಲೆ ಆಸ್ಥಾನದಲ್ಲಿದ್ದ ಮೈಸೂರು ವಾಸುದೇವಾಚಾರ್ಯರಂಥವರ ಒಡನಾಟದಲ್ಲಿ ಕರ್ನಾಟಕ ಸಂಗೀತದ ಕಡೆ ತಿರುಗಿದರು. 'ಶ್ರೀವಿದ್ಯಾ' ಅಂಕಿತದಲ್ಲಿ 94 ಕೃತಿ ರಚಿಸಿದರು, ಬಹಳಷ್ಟು ಅಪರೂಪದ ರಾಗಗಳಲ್ಲಿ.

ಇಲ್ಲಿಗೆ ಕಥೆ ನಿಲ್ಲಿಸಿದರೆ ಮೆಟ್ಟಿಲಿನವರಿಗೆ ಖುಷಿ. ಆದರೆ ಅದೇ 1940ರ ದಶಕದಲ್ಲಿ ಅವರು ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದರು. ನಿಕೊಲಾಯ್ ಮೆಟ್ನರ್ ಎಂಬ ರಷ್ಯಾದ ಸಂಗೀತಗಾರ ಲಂಡನ್ನಿನಲ್ಲಿ ಕಷ್ಟದಲ್ಲಿದ್ದರು, ಆರೋಗ್ಯವೂ ಕೆಟ್ಟಿತ್ತು. ಅವರ ಕೃತಿಗಳು ಗ್ರಾಮಫೋನ್ ತಟ್ಟೆಯಲ್ಲಿ ಉಳಿಯಲಿ ಅಂತ ಹಣ ಕೊಟ್ಟವರು ಮೈಸೂರಿನ ಮಹಾರಾಜರು. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕಾನ್ಸರ್ಟೊವನ್ನು ಅವರಿಗೇ ಅರ್ಪಿಸಿದ್ದಾರೆ. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ. ಅಂದರೆ ಹೊಸದು ಬಂತು, ಹಳೆಯದು ಹೋಗಲಿಲ್ಲ. ಕೃತಿ ರಚಿಸುವವರಿಗೆ ಪಿಯಾನೊ ಚಿಕ್ಕಂದಿನ ಹುಚ್ಚಾಗಿ ಕಾಣಲಿಲ್ಲ. ಬಸ್ಸಿನಲ್ಲಿ ಕಣ್ಣು ಒದ್ದೆಯಾದದ್ದಕ್ಕೆ ನೀವು ಯಾಕೆ ಸಂಕೋಚ ಪಡಬೇಕು?

ಇನ್ನೂ ಒಂದು ಮಾತು. ಒಂಟಿಕೊಪ್ಪಲಿನ ಎಂಟನೇ ಕ್ರಾಸಿನ ಗಣಪತಿ ಪೆಂಡಾಲಿನಲ್ಲಿ ಕೂತು ಕಲ್ಯಾಣಿ ರಾಗವನ್ನೋ ಮೋಹನವನ್ನೋ ಆಲಾಪನೆಯ ಮೊದಲ ನಿಮಿಷದಲ್ಲೇ ಗುರುತು ಹಿಡಿಯುವವರಲ್ಲಿ ಎಷ್ಟು ಜನ ಸಂಗೀತ ಕಲಿತಿದ್ದಾರೆ? ಸಿನಿಮಾ ಹಾಡು ಕೇಳಿಯೇ ಕಿವಿ ಹದವಾದವರು ಅಲ್ಲಿ ಬೇಕಾದಷ್ಟಿದ್ದಾರೆ. ಜಿ.ಕೆ. ವೆಂಕಟೇಶ್, ಮೈಸೂರಿನವರೇ ಆದ ರಾಜನ್–ನಾಗೇಂದ್ರ ಸೋದರರು, ನಿಮ್ಮ ಮಂಡ್ಯದಲ್ಲೇ ಹುಟ್ಟಿದ ಹಂಸಲೇಖ ಇವರೆಲ್ಲ ರಾಗಗಳನ್ನು ಹೆಸರು ಹೇಳದೆ ನಮ್ಮ ಮನೆಗಳಿಗೆ ತಲುಪಿಸಿದವರು. ಭಾವಗೀತೆ ಹಾಡಿದ ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಮಾತಿನ ಕಡೆಗೂ ಕಿವಿ ಕೊಡಿ ಅಂದರು. ಇದಿಷ್ಟೂ ಇಲ್ಲದೆ ಸೀದಾ ಕಛೇರಿಯಲ್ಲಿ ಕೂರಿಸಿದ್ದರೆ ಮೃದಂಗದವರು ತಾವೇ ನುಡಿಸುವ ತನಿ ಆವರ್ತನ ಶುರುವಾಗುತ್ತಲೇ ಕಾಫಿಗೆ ಎದ್ದು ಹೋಗುವವರ ಸಾಲಿನಲ್ಲಿ ನೀವೂ ಇರುತ್ತಿದ್ದಿರಿ. (ಮೃದಂಗದವರ ಎದುರಿಗೇ ಕುರ್ಚಿ ಸದ್ದು ಮಾಡಿ ಏಳುವ ಈ ಜನರನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಬರೆಯಲು ಬೇರೆ ಜಾಗ ಸಿಗಲಿಲ್ಲ.)

ನಡುವಯಸ್ಸಿನಲ್ಲಿ ಶಾಸ್ತ್ರೀಯ ಸಂಗೀತದ ಕಡೆ ವಾಲುವುದು ನಿಮ್ಮೊಬ್ಬರ ಕಥೆಯೇನಲ್ಲ. 2013ರಲ್ಲಿ ಕೇಂಬ್ರಿಡ್ಜ್‌ನಿಂದ ಬಂದ, ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಉತ್ತರ ನೋಡಿ ಮಾಡಿದ ಅಧ್ಯಯನದಲ್ಲೂ ಹೀಗೇ ಕಂಡಿತು. ಹರೆಯದಲ್ಲಿ ಅಬ್ಬರದ್ದು, ಆಮೇಲೆ ಎಲ್ಲರ ಜೊತೆ ಕುಣಿಯುವಂಥದ್ದು, ನಡುವಯಸ್ಸಿಗೆ ಶಾಸ್ತ್ರೀಯ, ಜಾಝ್ ಥರದ್ದು. ಯಾರ ಗುಂಪು ಅಂತ ತೋರಿಸುವ ಅವಸರ ಆಗ ಇರುವುದಿಲ್ಲ. ಮಕ್ಕಳೂ ದೊಡ್ಡವರಾಗಿರುತ್ತಾರೆ, ಸಂಜೆ ಎರಡು ಮೂರು ಗಂಟೆ ಒಂದೇ ಕಡೆ ಕೂರಬಹುದು.

ಹೊಸ ಹಾಡು ಹಿಡಿಸದೆ ಇರುವುದಕ್ಕೆ ಹೊಸ ಹಾಡನ್ನು ಬೈಯುವವರೇ ಜಾಸ್ತಿ. ನನ್ನ ಅನುಮಾನ ಬೇರೆ. ಒಂದೇ ಸಲ ಕೇಳಿ ತೀರ್ಪು ಕೊಡುತ್ತಿದ್ದೇವೆ. ಮತ್ತೆ ಮತ್ತೆ ಎದುರಾದದ್ದು ಇಷ್ಟವಾಗತೊಡಗುತ್ತದೆ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಜಾಯನ್ಸ್ 1968ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಹಾಗಲಕಾಯಿ ಗೊಜ್ಜು ಮೊದಲ ತುತ್ತಿಗೇ ಯಾರಿಗೆ ಹಿಡಿಸಿತ್ತು? ಹಿಂದೆ ಈ ಮತ್ತೆ ಮತ್ತೆ ಕೇಳಿಸುವ ಕೆಲಸವನ್ನು ಬೇರೆಯವರು ಮಾಡುತ್ತಿದ್ದರು. ಟೆಂಟ್ ಸಿನಿಮಾದಲ್ಲಿ ಟಿಕೆಟ್ ಕೊಡುವ ಮುಂಚೆ ಘಂಟಸಾಲರ 'ನಮೋ ವೆಂಕಟೇಶ' ಹಾಕುತ್ತಿದ್ದರು. ಊರಿಗೆಲ್ಲ ಅದು ಬಾಯಿಪಾಠ, ತೆಲುಗು ಬರಲಿ ಬಿಡಲಿ. ಹೋಟೆಲ್ಲಿನ ರೇಡಿಯೊ, ಮದುವೆ ಮನೆ ಮೈಕು ಯಾರನ್ನೂ ಕೇಳಿ ಹಾಡು ಹಾಕುತ್ತಿರಲಿಲ್ಲ. ನಮ್ಮೂರಿನ ಆಕಾಶವಾಣಿಯನ್ನೇ ನೋಡಿ. ಅದನ್ನು 1935ರಲ್ಲಿ ಸ್ವಂತ ಮನೆಯಲ್ಲಿ ಶುರು ಮಾಡಿದ ಡಾ. ಎಂ.ವಿ. ಗೋಪಾಲಸ್ವಾಮಿ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಮನಸ್ಸಿನ ಪಾಠ ಹೇಳುವವರಿಗೇ ರೇಡಿಯೊ ಹುಚ್ಚು ಹಿಡಿದದ್ದು ಸುಮ್ನೆ ಅಲ್ಲ ಅಂತ ನನಗೆ ಆಗಾಗ ಅನ್ನಿಸುತ್ತದೆ. ಈಗ ಮೊಬೈಲು ನಿಮಗೆ ಇಷ್ಟ ಇರುವುದನ್ನೇ ಹುಡುಕಿ ಕೊಡುತ್ತದೆ. ನೀವು ಕೇಳದೆ ಇದ್ದದ್ದು ಕಿವಿಗೆ ಬೀಳುವ ದಾರಿ ಮುಚ್ಚಿದೆ. ಆದ್ದರಿಂದ ಹೊಸದೊಂದನ್ನು ಆರಿಸಿ, ಒಂದು ವಾರ ಅಡುಗೆ ಮಾಡುವಾಗ ಅದನ್ನೇ ಹಾಕಿ. ಆಮೇಲೂ ಸೇರದಿದ್ದರೆ ಬಿಡಿ, ತಪ್ಪೇನಿಲ್ಲ.

ಮಗಳ ವಿಷಯ. ಅವಳ ಕೊರಿಯಾದ ಹಾಡು ನಿಮ್ಮ 'ಪ್ರೇಮಲೋಕ'. ಆಗ ನಿಮ್ಮ ಮನೆಯಲ್ಲೂ ಯಾರಾದರೂ "ಇದೂ ಒಂದು ಹಾಡಾ?" ಅಂದಿರುತ್ತಾರೆ. ಅವಳಾಗಿ ಕೇಳದೆ ಕ್ಲಾಸಿಗೆ ಸೇರಿಸಬೇಡಿ. ಅಮ್ಮನ ಬಲವಂತಕ್ಕೆ ಮೊದಲ ಪಾಠದ ಸರಳೆ ವರಸೆ ಹಾಡಿದ ಮಕ್ಕಳು ಆ ಪಾಠದ ರಾಗವಾದ ಮಾಯಾಮಾಳವಗೌಳ ಕೇಳಿದರೆ ಎದ್ದು ಓಡುವುದನ್ನು ನೋಡಿದ್ದೇನೆ. ಅವಳ ಇಷ್ಟದ ಹಾಡು ಯಾವುದು ಅಂತ ಕೇಳಿ, ಜೊತೆಗೆ ಕೂತು ಕೇಳಿ, ಸಾಲಿನ ಅರ್ಥ ಹೇಳಿಸಿಕೊಳ್ಳಿ. ಕೊರಿಯನ್ ಅಕ್ಷರ ಓದಲು ಕಲಿತಿದ್ದರೂ ಆಶ್ಚರ್ಯವಿಲ್ಲ. ಒಂದೇ ವಿಷಯಕ್ಕೆ ಗದರಿ, ಇಯರ್‌ಫೋನಿನ ಸದ್ದಿಗೆ. ಫೋನಿನ ಸದ್ದು 60 ಶೇಕಡಾ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಳಾದ ಕಿವಿ ವಾಪಸ್ ಬರುವುದಿಲ್ಲ. ಗಣಪತಿ ಬಿಡುವಾಗ ಡಿಜೆ ಹಾಕುವ ನಮ್ಮ ಹುಡುಗರಿಗೂ ಇದು ಅನ್ವಯ.

ಅವಳ ಕಿವಿಗೆ ನಿಮ್ಮ ಹಾಡು ಬೀಳುತ್ತಿರಲಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾರಲ್ ಕ್ರುಮ್‌ಹಾನ್ಸಲ್ 2013ರಲ್ಲಿ ಇಪ್ಪತ್ತರ ಹುಡುಗ ಹುಡುಗಿಯರಿಗೆ ಹಲವು ದಶಕಗಳ ಹಾಡು ಕೇಳಿಸಿದರು. ತಮ್ಮ ಕಾಲದ ಹಾಡಿನ ಜೊತೆಗೆ ಅಪ್ಪ ಅಮ್ಮನ ಹರೆಯದ ಕಾಲದ ಹಾಡುಗಳಿಗೂ ಅವರ ಮನಸ್ಸು ಮಿಡಿಯಿತು. ಮನೆಯಲ್ಲಿ ಕೇಳಿಕೊಂಡು ಬೆಳೆದದ್ದರ ಫಲ. ಹಾಗಾಗಿ ನೀವು ಇಯರ್‌ಫೋನ್ ತೆಗೆದಿಟ್ಟು ಸ್ಪೀಕರಿನಲ್ಲೇ ಕೇಳಿ, ಕಛೇರಿಯನ್ನೂ, 'ಪ್ರೇಮಲೋಕ'ವನ್ನೂ.

ಕೊನೆಗೆ ಕ್ಯಾಸೆಟ್ಟು. ಮೊದಲು ತಂದೆಯವರು ಹಾಡಿದ್ದನ್ನು ಬೇರೆ ತೆಗೆದಿಡಿ. ಅದರ ಹಿಂಬದಿಯ ಮೂಲೆಯಲ್ಲಿರುವ ಎರಡು ಚಿಕ್ಕ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿದುಬಿಡಿ, ಆಗ ಯಾರೂ ಅದರ ಮೇಲೆ ತಪ್ಪಿ ರೆಕಾರ್ಡ್ ಮಾಡಲು ಆಗುವುದಿಲ್ಲ. ಟೇಪಿನ ಮೇಲೆ ಬಿಳಿ ಬೂಷ್ಟು ಕಂಡರೆ ಪ್ಲೇಯರಿಗೆ ಹಾಕಬೇಡಿ, ಅದು ಹೆಡ್ಡಿಗೂ, ಅಲ್ಲಿಂದ ಬೇರೆ ಕ್ಯಾಸೆಟ್ಟಿಗೂ ಹತ್ತಿಕೊಳ್ಳುತ್ತದೆ. ಚೆನ್ನಾಗಿರುವುದನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಸುತ್ತಿ ಆಮೇಲೆ ಹಾಕಿ. ಟೇಪ್ ರೆಕಾರ್ಡರಿನ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ಒಂದು ಕೇಬಲ್ ಕೊಟ್ಟರೆ ಸಾಕು, ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಇಳಿಸಿಕೊಳ್ಳಬಹುದು. ಈ ಕೆಲಸ ಮಗಳಿಗೇ ಒಪ್ಪಿಸಿ, ನಮಗಿಂತ ಬೇಗ ಮಾಡುತ್ತಾಳೆ. ಸಿನಿಮಾ ಹಾಡಿನ ಕ್ಯಾಸೆಟ್ಟಿಗೆ ಅವಸರ ಬೇಡ, ಅವು ಹೇಗೂ ಎಲ್ಲ ಕಡೆ ಸಿಗುತ್ತವೆ.

– ಸಂ.