ಓದುಗರ ಪ್ರಶ್ನೆ: ನಮ್ಮ ಕ್ಷೇತ್ರ, ನಮ್ಮ ಮತ

ಪ್ರಶ್ನೆ: ನಮ್ಮದು ಬೆಳಗಾವಿ ಜಿಲ್ಲೆ. ಆದರೆ ಲೋಕಸಭೆಗೆ ಉತ್ತರ ಕನ್ನಡದ ಅಭ್ಯರ್ಥಿಗೆ ಮತ ಹಾಕುತ್ತೇವೆ. ಯಾಕೆ ಹೀಗೆ?
– ಓದುಗರು, ಖಾನಾಪುರ ತಾಲ್ಲೂಕು

ಉತ್ತರ: ಇದು ಎಂಟರ ಲೆಕ್ಕ. ರಾಜ್ಯದಲ್ಲಿ ವಿಧಾನಸಭಾ ಕ್ಷೇತ್ರಗಳು 224, ಲೋಕಸಭಾ ಕ್ಷೇತ್ರಗಳು 28. ಒಂದೊಂದು ಲೋಕಸಭೆಗೆ ಎಂಟೆಂಟು. ಬೆಳಗಾವಿ ಜಿಲ್ಲೆಯಲ್ಲಿರುವುದು 18. ಚಿಕ್ಕೋಡಿಗೆ ಎಂಟು, ಬೆಳಗಾವಿಗೆ ಎಂಟು ಹೋದರೆ ಖಾನಾಪುರ, ಕಿತ್ತೂರು ಉಳಿಯುತ್ತವೆ. ಅವೆರಡೂ ಉತ್ತರ ಕನ್ನಡಕ್ಕೆ ಸೇರಿವೆ. ಬಾಗಲಕೋಟೆ ಜಿಲ್ಲೆಯಲ್ಲಿ ಏಳೇ ಇರುವುದರಿಂದ ಗದಗ ಜಿಲ್ಲೆಯ ನರಗುಂದವನ್ನು ಅಲ್ಲಿಗೆ ಕೂಡಿಸಿದ್ದಾರೆ. ವಿಜಯಪುರದಲ್ಲಿ ಸರಿಯಾಗಿ ಎಂಟಿವೆ, ಅಲ್ಲಿ ಗೊಂದಲವೇ ಇಲ್ಲ. 2001ರ ಜನಗಣತಿ ಆಧರಿಸಿ ಮಾಡಿದ ಈ ವಿಂಗಡಣೆ 2008ರ ವಿಧಾನಸಭಾ ಚುನಾವಣೆಯಿಂದ ಜಾರಿಯಲ್ಲಿದೆ. ಮತದಾರರ ಪಟ್ಟಿ ಎರಡೂ ಚುನಾವಣೆಗೆ ಒಂದೇ, ಬೇರೆ ಬೇರೆ ನೋಂದಣಿ ಬೇಕಿಲ್ಲ.

ಪ್ರಶ್ನೆ: ನಮ್ಮ ತಾಂಡಾದವರು ವರ್ಷದಲ್ಲಿ ಐದಾರು ತಿಂಗಳು ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು, ಗೋವಾಕ್ಕೆ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ತಿರುಗಿ ಬಂದಾಗ ಕೆಲವರ ಹೆಸರು ಪಟ್ಟಿಯಲ್ಲೇ ಇರುವುದಿಲ್ಲ. ಏನು ಮಾಡಬೇಕು?
– ಓದುಗರು, ವಿಜಯಪುರ ತಾಲ್ಲೂಕು

ಉತ್ತರ: ದುಡಿಯಲು ಹೋದ ಮಾತ್ರಕ್ಕೆ ಯಾರೂ ಮತದ ಹಕ್ಕು ಕಳೆದುಕೊಳ್ಳುವುದಿಲ್ಲ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 20ನೇ ಕಲಮು ಇದನ್ನು ನೇರವಾಗಿಯೇ ಹೇಳುತ್ತದೆ: ತಾತ್ಕಾಲಿಕವಾಗಿ ಊರು ಬಿಟ್ಟವರು ಆ ಊರಿನ ವಾಸಿಗಳಾಗಿಯೇ ಉಳಿಯುತ್ತಾರೆ. ಹಾಗಿದ್ದೂ ಹೆಸರು ಹೋಗುವುದು ಪರಿಶೀಲನೆಯ ಹೊತ್ತಿನಲ್ಲಿ. ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಬಂದಾಗ ಮನೆಗೆ ಕೀಲಿ ಬಿದ್ದಿರುತ್ತದೆ, ನೆರೆಯವರು ‘ಅವರು ಊರು ಬಿಟ್ಟು ಹೋಗ್ಯಾರ್ರೀ’ ಎಂದುಬಿಡುತ್ತಾರೆ. ಅಲ್ಲಿಂದ ‘ಸ್ಥಳಾಂತರ’ ಎಂಬ ಷರಾ ಬೀಳುತ್ತದೆ. ಆದ್ದರಿಂದ ಗ್ಯಾಂಗು ಹೊರಡುವ ಮೊದಲೇ ಮನೆಯಲ್ಲಿ ಉಳಿಯುವ ಹಿರಿಯರ ಕೈಯಲ್ಲಿ ಎಲ್ಲರ ಮತದಾರರ ಚೀಟಿಯ ಝೆರಾಕ್ಸ್ ಕೊಟ್ಟು, ‘ದುಡಿಯಾಕ ಹೋಗ್ಯಾರ, ಬರ್ತಾರ’ ಎಂದು ಬಿಎಲ್‌ಒಗೆ ಹೇಳಲು ತಿಳಿಸಿ. ಬಿಎಲ್‌ಒ ಮೊಬೈಲ್ ಸಂಖ್ಯೆಯನ್ನೂ ಇಟ್ಟುಕೊಳ್ಳಿ.

ಹೆಸರು ಈಗಾಗಲೇ ಹೋಗಿದ್ದರೆ ನಮೂನೆ 6ರಲ್ಲಿ ಮತ್ತೆ ಅರ್ಜಿ ಹಾಕಬೇಕು. ಚುನಾವಣೆ ಘೋಷಣೆಯಾದ ಮೇಲೂ ಅವಕಾಶವಿದೆ, ಆದರೆ ನಾಮಪತ್ರ ಸಲ್ಲಿಸುವ ಕೊನೆಯ ದಿನದ ನಂತರ ಪಟ್ಟಿಗೆ ಯಾರ ಹೆಸರೂ ಸೇರುವುದಿಲ್ಲ. ಆಕ್ಷೇಪಣೆ, ವಿಚಾರಣೆಗೂ ದಿನ ಹಿಡಿಯುವುದರಿಂದ ಆ ದಿನಕ್ಕಿಂತ ಕನಿಷ್ಠ ಹತ್ತು ದಿನ ಮೊದಲೇ ಅರ್ಜಿ ಕೈಸೇರಿರಬೇಕು. ಹದಿನೆಂಟು ತುಂಬುವ ಮಕ್ಕಳಿಗೆ ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1.

ಇನ್ನೊಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ. ಊರಲ್ಲಿಲ್ಲದವರು, ಸ್ಥಳಾಂತರಗೊಂಡವರು, ತೀರಿಕೊಂಡವರು ಎಂದು ಗುರುತಿಸಿದ ಹೆಸರುಗಳ ಪ್ರತ್ಯೇಕ ಪಟ್ಟಿ ಮತಗಟ್ಟೆಯಲ್ಲಿರುತ್ತದೆ. ಮುಖ್ಯ ಪಟ್ಟಿಯಿಂದ ಹೆಸರು ತೆಗೆದಿರದಿದ್ದರೆ, ಈ ಪಟ್ಟಿಯಲ್ಲಿದ್ದವರೂ ಮತ ಹಾಕಬಹುದು. ಗುರುತಿನ ದಾಖಲೆ ತೋರಿಸಬೇಕು, ಸಹಿಯ ಜೊತೆ ಹೆಬ್ಬೆಟ್ಟನ್ನೂ ಒತ್ತಬೇಕು. ‘ನಿಮ್ಮ ಹೆಸರಿನ ಮುಂದೆ ಗುರುತು ಹಾಕ್ಯಾರ’ ಎಂದು ಯಾರಾದರೂ ಹೇಳಿದರೆ ಸುಮ್ಮನೆ ಮನೆಗೆ ಬರಬೇಡಿ.

ಪ್ರಶ್ನೆ: ನನ್ನ ಹೆಸರು ಮೀರಜ್‌ನಲ್ಲೂ ಇದೆ, ಅಥಣಿಯಲ್ಲೂ ಇದೆ. ಅಥಣಿಯಲ್ಲಿ ಹೊಲ, ಮನೆ ಇವೆ. ಎರಡೂ ಇಟ್ಟುಕೊಳ್ಳಬಹುದೇ?
– ಓದುಗರು, ಅಥಣಿ

ಉತ್ತರ: ಖಂಡಿತ ಇಲ್ಲ. ಹೊಲ, ಮನೆ ಇದ್ದ ಮಾತ್ರಕ್ಕೆ ವಾಸ ಎನಿಸುವುದಿಲ್ಲ. ಸಾಮಾನ್ಯವಾಗಿ ಎಲ್ಲಿ ವಾಸವಿದ್ದೀರೋ ಅಲ್ಲಿಯ ಹೆಸರು ಉಳಿಸಿ, ಇನ್ನೊಂದನ್ನು ನಮೂನೆ 7ರಲ್ಲಿ ನೀವೇ ತೆಗೆಸಿ. ಊರು ಬದಲಿಸಿದಾಗ ಜನ ನಮೂನೆ 8ರ ಬದಲು ಹೊಸಬರ ನಮೂನೆ 6 ತುಂಬುತ್ತಾರೆ, ಹೆಸರು ಎರಡಾಗುವುದು ಅಲ್ಲಿಂದಲೇ. ‘ಬೇರೆಲ್ಲೂ ಹೆಸರಿಲ್ಲ’ ಎಂದು ಗೊತ್ತಿದ್ದೂ ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದವರೆಗೆ ಸಜೆ, ಇಲ್ಲವೇ ದಂಡ, ಅಥವಾ ಎರಡೂ ಆಗಬಹುದು. ಆಲಮಟ್ಟಿ ಹಿನ್ನೀರಿನ ಊರುಗಳಿಂದ ಪುನರ್ವಸತಿ ಕೇಂದ್ರಗಳಿಗೆ ಬಂದವರೂ ನಮೂನೆ 8ನ್ನೇ ಬಳಸಬೇಕು.

ಪ್ರಶ್ನೆ: ಬೆಳಗಾವಿಯಲ್ಲಿ ಹಿಂದೊಮ್ಮೆ ನೂರಾರು ಜನ ಕಣದಲ್ಲಿದ್ದರು ಎಂದು ಹಿರಿಯರು ಹೇಳುತ್ತಾರೆ. ನಿಜವೇ? ಈಗ ಪಕ್ಷೇತರರಾಗಿ ನಿಲ್ಲಲು ಏನೇನು ಬೇಕು? ಠೇವಣಿ ಯಾವಾಗ ಹೋಗುತ್ತದೆ?
– ಓದುಗರು, ಬೆಳಗಾವಿ

ಉತ್ತರ: ನಿಜ. 1985ರ ವಿಧಾನಸಭಾ ಚುನಾವಣೆಯಲ್ಲಿ ಬೆಳಗಾವಿ ಕ್ಷೇತ್ರದ ಕಣದಲ್ಲಿದ್ದವರು 301 ಮಂದಿ. 1996ರಲ್ಲಿ ಬೆಳಗಾವಿ ಲೋಕಸಭೆಗೆ 456 ಮಂದಿ. ಗಡಿ ವಿವಾದದತ್ತ ದೇಶದ ಗಮನ ಸೆಳೆಯಲು ನಾಮಪತ್ರಗಳನ್ನು ಹೀಗೆ ಸುರಿದದ್ದು. ಆಗ ವಿಧಾನಸಭೆಯ ಠೇವಣಿ ಬರೀ 250 ರೂಪಾಯಿ. ಅದೇ 1996ರಲ್ಲಿ ಕಾಯ್ದೆ ತಿದ್ದಿ ಅದನ್ನು 5,000ಕ್ಕೆ ಏರಿಸಿದರು, ಪಕ್ಷೇತರರಿಗೆ ಹತ್ತು ಸೂಚಕರು (ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವ ಮತದಾರರು) ಬೇಕೆಂದರು. ಒಬ್ಬರು ಎರಡಕ್ಕಿಂತ ಹೆಚ್ಚು ಕಡೆ ನಿಲ್ಲುವಂತಿಲ್ಲ ಎಂದದ್ದೂ ಆಗಲೇ.

ಈಗ ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 5,000. ನೀವು ರಾಜ್ಯದ ಯಾವ ಕ್ಷೇತ್ರದ ಮತದಾರರಾದರೂ ಸರಿ, ಹತ್ತೂ ಸೂಚಕರು ಮಾತ್ರ ನೀವು ನಿಲ್ಲುವ ಕ್ಷೇತ್ರದವರೇ ಇರಬೇಕು. ಬೆಳಗಾವಿಯಂಥ ನಗರದಲ್ಲಿ ಎಡವುವುದು ಇಲ್ಲೇ. ಉತ್ತರ, ದಕ್ಷಿಣ, ಗ್ರಾಮೀಣ ಮೂರೂ ಕ್ಷೇತ್ರ ಒಂದಕ್ಕೊಂದು ಅಂಟಿಕೊಂಡಿವೆ, ಪಕ್ಕದ ಓಣಿಯ ಸ್ನೇಹಿತ ಬೇರೆ ಕ್ಷೇತ್ರದವನಿರಬಹುದು. ಒಬ್ಬ ಸೂಚಕ ತಪ್ಪಿದರೂ ನಾಮಪತ್ರ ಬೀಳುತ್ತದೆ. ಭಾಗದ ಸಂಖ್ಯೆ, ಕ್ರಮಸಂಖ್ಯೆಯನ್ನು ಚಾಲ್ತಿ ಪಟ್ಟಿಯಿಂದಲೇ ಬರೆಯಿರಿ. ನಾಲ್ಕು ಪ್ರತಿ ನಾಮಪತ್ರ ಸಲ್ಲಿಸಲು ಅವಕಾಶವಿದೆ, ಒಂದರಲ್ಲಿ ದೋಷವಿದ್ದರೆ ಇನ್ನೊಂದು ಉಳಿಯುತ್ತದೆ. ನಮೂನೆ 26ರ ಪ್ರಮಾಣಪತ್ರದಲ್ಲಿ ಯಾವ ಕಾಲಮೂ ಖಾಲಿ ಬಿಡಬೇಡಿ, ಏನೂ ಇಲ್ಲದಿದ್ದರೆ ‘ಇಲ್ಲ’ ಎಂದೇ ಬರೆಯಿರಿ. ವೆಚ್ಚಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆಯನ್ನು ನಾಮಪತ್ರಕ್ಕೆ ಒಂದು ದಿನ ಮೊದಲಾದರೂ ತೆರೆದಿರಬೇಕು. ನಾಮಪತ್ರ ಕೊಟ್ಟ ಕೂಡಲೇ ಪ್ರತಿಜ್ಞಾವಿಧಿ ಮುಗಿಸಿಕೊಳ್ಳಿ. ಪರಿಶೀಲನೆಯ ದಿನ ಬಂದು ಮಾಡುತ್ತೇನೆಂದರೆ ತಡವಾಯಿತು.

ಠೇವಣಿ ಉಳಿಯಲು ಸಿಂಧು ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬೇಕು. ಸಿಂಧು ಮತ 1,50,000 ಇದ್ದರೆ 25,000 ಬಂದರೂ ಠೇವಣಿ ಜಪ್ತಿ, 25,001 ಬಂದರೆ ವಾಪಸ್. ನೋಟಾ ಮತ ಈ ಲೆಕ್ಕಕ್ಕೆ ಬರುವುದಿಲ್ಲ. ಸೋತವರೂ ಫಲಿತಾಂಶದ 30 ದಿನದೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ವೆಚ್ಚದ ಲೆಕ್ಕ ಒಪ್ಪಿಸಲೇಬೇಕು, ತಪ್ಪಿದರೆ ಮೂರು ವರ್ಷ ಅನರ್ಹತೆ. ಮೂರು ಸಾವಿರ ಖರ್ಚು ಮಾಡಿದವರಿಗೂ ಈ ನಿಯಮ ಒಂದೇ.

ಪ್ರಶ್ನೆ: ಪಾಳಿ ನಿಂತು ಒಳಗೆ ಹೋದರೆ ‘ನಿಮ್ಮ ಮತ ಆಗಿಹೋಗಿದೆ’ ಅಂದರೆ?
– ಓದುಗರು, ಬಾದಾಮಿ

ಉತ್ತರ: ನೇರವಾಗಿ ಮತಗಟ್ಟೆಯ ಅಧ್ಯಕ್ಷಾಧಿಕಾರಿಯ ಬಳಿ ಹೋಗಿ ‘ಟೆಂಡರ್ ಮತ’ ಕೇಳಿ. ನಿಮ್ಮ ಗುರುತು ಖಾತ್ರಿಯಾದರೆ ನಮೂನೆ 17ಬಿಯಲ್ಲಿ ಸಹಿ ಪಡೆದು ಕಾಗದದ ಮತಪತ್ರ ಕೊಡುತ್ತಾರೆ. ಮುದ್ರೆ ಒತ್ತಿ ಮಡಚಿ ಅವರ ಕೈಗೇ ಕೊಡಬೇಕು, ಅವರು ಬೇರೆ ಲಕೋಟೆಯಲ್ಲಿ ಇಡುತ್ತಾರೆ. ಯಂತ್ರದಲ್ಲಿ ಮತ ಹಾಕಲು ಬಿಡುವುದಿಲ್ಲ, ಎಣಿಕೆಯ ದಿನವೂ ಅದನ್ನು ಎಣಿಸುವುದಿಲ್ಲ. ಹಾಗಾದರೆ ಯಾಕೆ ಹಾಕಬೇಕು ಎಂದರೆ, ಅಂತರ ತೀರಾ ಕಡಿಮೆಯಾಗಿ ಹೈಕೋರ್ಟಿಗೆ ತಕರಾರು ಅರ್ಜಿ ಹೋದಾಗ ನಿಮ್ಮ ನಿಜವಾದ ಮತಕ್ಕೆ ಉಳಿಯುವ ಲಿಖಿತ ಸಾಕ್ಷ್ಯ ಅದೊಂದೇ. ನಿಮ್ಮ ಬಾದಾಮಿಯಲ್ಲೇ 2018ರಲ್ಲಿ ಸಿದ್ದರಾಮಯ್ಯ ಗೆದ್ದದ್ದು 1,696 ಮತಗಳಿಂದ. ತಕರಾರು ಅರ್ಜಿಗೆ ಫಲಿತಾಂಶದಿಂದ 45 ದಿನಗಳ ಗಡುವು.

ಪ್ರಶ್ನೆ: ಶಾಸಕರ ಸ್ಥಾನ ತೆರವಾದರೆ ಎಷ್ಟು ದಿನದಲ್ಲಿ ಉಪಚುನಾವಣೆ?
– ಓದುಗರು, ಸಿಂದಗಿ

ಉತ್ತರ: ಆರು ತಿಂಗಳೊಳಗೆ. ಅವಧಿ ಒಂದು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಈ ಕಡ್ಡಾಯವಿಲ್ಲ. ಆರು ತಿಂಗಳಲ್ಲಿ ನಡೆಸುವುದು ಕಷ್ಟವೆಂದು ಆಯೋಗವು ಕೇಂದ್ರ ಸರ್ಕಾರದೊಡನೆ ಸಮಾಲೋಚಿಸಿ ದೃಢೀಕರಿಸಿದರೆ ಮುಂದಕ್ಕೂ ಹೋಗಬಹುದು. ನಿಮ್ಮ ಶಾಸಕರಾಗಿದ್ದ ಎಂ.ಸಿ. ಮನಗೂಳಿ ಅವರು 2021ರ ಜನವರಿಯಲ್ಲಿ ತೀರಿಕೊಂಡರು, ಕೋವಿಡ್ ಕಾಲದಲ್ಲಿ ಉಪಚುನಾವಣೆಗಳು ಮುಂದೂಡಿಕೆಯಾಗಿ ಸಿಂದಗಿಯಲ್ಲಿ ಮತದಾನ ನಡೆದದ್ದು ಅಕ್ಟೋಬರ್ 30ಕ್ಕೆ. ಗೆದ್ದವರಿಗೆ ಸಿಗುವುದು ಹೊಸ ಐದು ವರ್ಷವಲ್ಲ, ಉಳಿದ ಅವಧಿ ಮಾತ್ರ.